ಬೆಟ್ಟಕ್ಕೆ ದಿನಕ್ಕೆ ಎಷ್ಟು ಜನ? ಚಾರಣ ಮಿತಿಯ ಹಿಂದಿನ ಕಾನೂನು, ಲೆಕ್ಕ ಮತ್ತು ಜಗಳ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದರು. ಕಾಲುದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೊ ರಾಜ್ಯದ ತುಂಬ ಹರಿದಾಡಿತು. ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಕಡೆ ಚಾರಣ ನಿಲ್ಲಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಕೊಡುವ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯಿತು. ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಜನ ಎಂಬ ಮಿತಿಯೂ ಬಂತು.

ಅಲ್ಲಿಂದೀಚೆಗೆ ವಾದ ಎರಡು ತುದಿಗೆ ಹೋಗಿ ನಿಂತಿದೆ. ಕಾಡು ಸರ್ಕಾರದ್ದು, ಸರ್ಕಾರ ನಮ್ಮದು, ಹಾಗಾಗಿ ನಮ್ಮನ್ನು ತಡೆಯಲು ಇವರು ಯಾರು ಎನ್ನುವವರು ಒಂದು ಕಡೆ. ಕಾಡಿಗೆ ಜನ ಕಾಲಿಡುವುದೇ ಬೇಡ ಎನ್ನುವವರು ಇನ್ನೊಂದು ಕಡೆ. ಕಾನೂನು ಓದಿದರೆ ಮೊದಲನೆಯ ವಾದ ನಿಲ್ಲುವುದಿಲ್ಲ, ಮಣ್ಣು-ನೀರಿನ ಲೆಕ್ಕ ಹಾಕಿದರೆ ಎರಡನೆಯದೂ ಪೂರ್ತಿ ನಿಲ್ಲುವುದಿಲ್ಲ. ತಕರಾರು ಇರಬೇಕಾದ ಜಾಗ ಬೇರೆ. ಆ 300 ಎಲ್ಲಿಂದ ಬಂತು? ಅದನ್ನು ಗೇಟಿನಲ್ಲಿ ಕಾಯುವವರು ಎಷ್ಟು ಜನ?

ಕಾನೂನಿನ ಕಣ್ಣಲ್ಲಿ ಚಾರಣಿಗ ಯಾರು

ನಾವು ಮಾತಿನಲ್ಲಿ ‘ಕಾಡು’ ಎನ್ನುವ ಜಾಗ ದಾಖಲೆಯಲ್ಲಿ ಕಂದಾಯ ಭೂಮಿ ಆಗಿರಬಹುದು, ಮೀಸಲು ಅರಣ್ಯ ಆಗಿರಬಹುದು, ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ ಅಥವಾ ಹುಲಿ ಸಂರಕ್ಷಿತ ಪ್ರದೇಶವೂ ಆಗಿರಬಹುದು. ಒಂದೇ ಚಾರಣದ ದಾರಿ ಇವುಗಳಲ್ಲಿ ಎರಡು ಮೂರನ್ನು ದಾಟಿಕೊಂಡು ಹೋಗುವುದುಂಟು. ಕುಮಾರ ಪರ್ವತವನ್ನೇ ನೋಡಿ. ಕುಕ್ಕೆ ಕಡೆಯ ತಪ್ಪಲು ದಕ್ಷಿಣ ಕನ್ನಡದಲ್ಲಿದೆ, 1,712 ಮೀಟರ್ ಎತ್ತರದ ಶಿಖರ ಕೊಡಗಿನ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಸೋಮವಾರಪೇಟೆ ಕಡೆಯಿಂದ ಇನ್ನೊಂದು ದಾರಿ ಹತ್ತಿ ಬರುತ್ತದೆ. ಬೆಟ್ಟ ಒಂದೇ, ಬಾಗಿಲು ಎರಡು. ಒಂದು ಗೇಟಿನ ಎಣಿಕೆ ಇನ್ನೊಂದು ಗೇಟಿಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಯಾವ ಮಿತಿಯೂ ಮಿತಿಯಾಗಿ ಉಳಿಯುವುದಿಲ್ಲ.

ವನ್ಯಜೀವಿಧಾಮದೊಳಗೆ ಯಾರು ಹೋಗಬಹುದು ಎಂಬುದನ್ನು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಮತ್ತು ಮೊದಲ ಮೂರು ಬಗೆಯವರ ಅವಲಂಬಿತರು. ಪ್ರವಾಸಿ ಈ ಪಟ್ಟಿಯಲ್ಲಿಲ್ಲ. ಅವನಿಗೆ ದಾರಿ ಬಿಡುವುದು ಮುಂದಿನ ಸೆಕ್ಷನ್, 28. ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸೋದ್ಯಮ ಮುಂತಾದ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಪರ್ಮಿಟ್ ಕೊಡಬಹುದು. ಷರತ್ತು, ಶುಲ್ಕ ಎರಡನ್ನೂ ವಿಧಿಸಬಹುದು. ‘ಕೊಡಬಹುದು’ ಎಂದಿದೆ, ಕೊಡಲೇಬೇಕು ಎಂದಿಲ್ಲ. 35ನೇ ಸೆಕ್ಷನ್ ಮೂಲಕ ಇದೇ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಪರ್ಮಿಟ್ ಇಲ್ಲದೆ ನುಸುಳಿದರೆ 51ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2022ರ ತಿದ್ದುಪಡಿ ಆ ದಂಡದ ಗರಿಷ್ಠ ಮಿತಿಯನ್ನು 25,000 ರೂಪಾಯಿಯಿಂದ ಒಂದು ಲಕ್ಷಕ್ಕೆ ಏರಿಸಿತು.

ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬಿಗಿ ಇನ್ನೂ ಹೆಚ್ಚು. 2012ರ ಜುಲೈ 24ರಂದು ಸುಪ್ರೀಂ ಕೋರ್ಟ್ ಕೋರ್ ಪ್ರದೇಶಗಳಲ್ಲಿ, ಅಂದರೆ ಹುಲಿಗೆಂದೇ ಮೀಸಲಿಟ್ಟ ಒಳಭಾಗಗಳಲ್ಲಿ, ಪ್ರವಾಸೋದ್ಯಮವನ್ನೇ ಮಧ್ಯಂತರ ಆದೇಶದಿಂದ ನಿಲ್ಲಿಸಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದ ಮೇಲೆ ಅಕ್ಟೋಬರ್ 16ರಂದು ತಡೆ ತೆರವಾಯಿತು. ಕೋರ್ ಪ್ರದೇಶದಲ್ಲಿ ಪ್ರವಾಸೋದ್ಯಮಕ್ಕೆ ಬಳಸುವ ಜಾಗ ಶೇ 20ನ್ನು ಮೀರಬಾರದು, ಅಲ್ಲಿ ಹೊಸ ಕಟ್ಟಡ ಏಳಬಾರದು, ಪ್ರತಿ ಪ್ರದೇಶವೂ ತನ್ನ ಧಾರಣಾ ಸಾಮರ್ಥ್ಯವನ್ನು, ಅಂದರೆ ದಿನಕ್ಕೆ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬುದನ್ನು, ಲೆಕ್ಕ ಹಾಕಿ ಇಡಬೇಕು ಎಂದು ಆ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನಬೆಟ್ಟ ಈ ವ್ಯಾಪ್ತಿಗೆ ಬರುತ್ತವೆ. ಕುದುರೆಮುಖ, ಪುಷ್ಪಗಿರಿ, ಮೂಕಾಂಬಿಕಾದಂಥ ಚಾರಣದ ಜಾಗಗಳು ಬರುವುದಿಲ್ಲ. ಅಂದರೆ ಜನ ಕಾಲ್ನಡಿಗೆಯಲ್ಲಿ ಹೆಚ್ಚು ಹೋಗುವ ಕಡೆಗೇ ಲೆಕ್ಕದ ಕಡ್ಡಾಯ ಸಡಿಲ.

ಮಣ್ಣು ಕೊಚ್ಚುವುದು ಕಾಲಲ್ಲ, ನೀರು

ಪಶ್ಚಿಮ ಘಟ್ಟದ ನೆತ್ತಿ ಎಂದರೆ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ ಎಂಬ ಗಿಡ್ಡ ನಿತ್ಯಹಸಿರು ಕಾಡು. ಹುಲ್ಲಿನ ಮೇಲೆ ನಡೆದಾಗ ಆಗುವ ಹಾನಿ ಜನರ ಸಂಖ್ಯೆಯ ಜತೆ ಒಂದೇ ಸಮ ಏರುವುದಿಲ್ಲ. ಹಾನಿಯ ದೊಡ್ಡ ಪಾಲು ಮೊದಲ ಕೆಲವು ನೂರು ಹೆಜ್ಜೆಗಳಲ್ಲೇ ಆಗಿ ಮುಗಿಯುತ್ತದೆ. ಹುಲ್ಲು ಸತ್ತು, ಮಣ್ಣು ಬೋಳಾಗಿ ಗಟ್ಟಿಯಾದ ಮೇಲೆ ಅದೇ ಜಾಡಿನಲ್ಲಿ ಇನ್ನೂ ಸಾವಿರ ಜನ ನಡೆದರೂ ಸಸ್ಯಕ್ಕೆ ಹೆಚ್ಚುವರಿಯಾಗಿ ಆಗುವುದು ಸ್ವಲ್ಪವೇ. ಚಾರಣ ದಾರಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯಿದು. ಒತ್ತಡ ಕಡಿಮೆಯಾಗಲೆಂದು ಜನರನ್ನು ಹತ್ತು ಹೊಸ ದಾರಿಗಳಿಗೆ ಹಂಚಿದರೆ ಹತ್ತು ಕಡೆ ಮೊದಲ ನೂರು ಹೆಜ್ಜೆಯ ಹಾನಿ ಆಗುತ್ತದೆ. ಒಂದು ಬೆಟ್ಟ ತುಂಬಿತೆಂದು ಪಕ್ಕದ ಬೆಟ್ಟ ತೆರೆಯುವ ಯೋಜನೆಗಳು ಕೇಳಲು ಚೆನ್ನ, ಅಷ್ಟೇ.

ಹಾಗಾದರೆ ಹಳೇ ದಾರಿಗಳು ವರ್ಷದಿಂದ ವರ್ಷಕ್ಕೆ ಹಾಳಾಗುವುದೇಕೆ? ಅವು ದಿಣ್ಣೆಯ ಮೇಲೆ ನೇರಕ್ಕೆ ಏರುವುದರಿಂದ. ದನ ಕಾಯುವವರೂ ಬೇಟೆಗಾರರೂ ಮಾಡಿಕೊಂಡ ಹತ್ತಿರದ ದಾರಿಗಳು ಇವು. ನೇರ ಇಳಿಜಾರಿನ ದಾರಿಗೆ ಬಿದ್ದ ಮಳೆನೀರಿಗೆ ಪಕ್ಕಕ್ಕೆ ಹೋಗಲು ಜಾಗವಿಲ್ಲ, ದಾರಿಯೇ ಹಳ್ಳ. ಮಲೆನಾಡಿನ ಜೂನ್-ಸೆಪ್ಟೆಂಬರ್ ಮಳೆಗೆ ಮೆಟ್ಟಿ ಸಡಿಲಾದ ಮಣ್ಣೆಲ್ಲ ಕೊಚ್ಚಿ, ಮೊಣಕಾಲುದ್ದದ ಕೊರಕಲು ಬೀಳುತ್ತದೆ. ಕೊರಕಲಿನಲ್ಲಿ ಕಾಲು ಜಾರುತ್ತದೆಂದು ಮುಂದಿನ ವರ್ಷದ ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಒಂದರ ಪಕ್ಕ ಒಂದರಂತೆ ಮೂರು ನಾಲ್ಕು ಜಾಡು. ದಿನದ ಮಿತಿಯನ್ನು 300ರಿಂದ 150ಕ್ಕೆ ಇಳಿಸಿದರೆ ಈ ಕೊರಕಲು ಮುಚ್ಚುವುದಿಲ್ಲ.

ಇದಕ್ಕೆ ದಾರಿ ಕಟ್ಟುವವರ ಬಳಿ ಹಳೆಯ, ಪರೀಕ್ಷಿತ ಅಳತೆಗಳಿವೆ. ಗುಡ್ಡದ ಇಳಿಜಾರು ಶೇ 40 (ನೂರು ಮೀಟರಿಗೆ 40 ಮೀಟರ್ ಏರು) ಇದ್ದರೆ ದಾರಿಯ ಏರು ಅದರ ಅರ್ಧ, ಶೇ 20ನ್ನು ಮೀರಬಾರದು. ಒಟ್ಟು ದಾರಿಯ ಸರಾಸರಿ ಏರು ಶೇ 10ರ ಆಸುಪಾಸು ಇದ್ದರೆ ಒಳ್ಳೆಯದು. ಅಂದರೆ ದಾರಿ ಗುಡ್ಡವನ್ನು ಬಳಸಿಕೊಂಡು, ತಿರುವು ತೆಗೆದುಕೊಂಡು ಏರಬೇಕು. ದಾರಿಯ ಮೇಲ್ಮೈ ಕಣಿವೆಯ ಕಡೆಗೆ ಶೇ 5ರಷ್ಟು ವಾಲಿರಬೇಕು, ಆಗ ನೀರು ಅಡ್ಡಕ್ಕೆ ಹರಿದು ಹುಲ್ಲಿಗೆ ಇಳಿಯುತ್ತದೆ. ಈಗಾಗಲೇ ಕಡಿದಾಗಿರುವ ಕಡೆ ನೀರು ತಿರುಗಿಸಲು ಕಲ್ಲಿನ ಅಡ್ಡಗಟ್ಟು ಹಾಕುತ್ತಾರೆ. ಕಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ನೆಲದೊಳಗೆ ಹೂತಿರಬೇಕು, ಸಾಲು ದಾರಿಗೆ 45 ಡಿಗ್ರಿಯಷ್ಟು ಓರೆಯಾಗಿರಬೇಕು, ಕೆಳತುದಿಯಲ್ಲಿ ನೀರು ಹೊರಬೀಳಲು ಬಾಯಿ ತೆರೆದಿರಬೇಕು. ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕಲ್ಲನ್ನು ದಾರಿಗೆ ನೆಟ್ಟಗೆ ಅಡ್ಡ ಇಡುವುದು. ಆಗ ನೀರಿನ ವೇಗ ಸತ್ತು ಹೂಳು ಹಿಂದೆ ನಿಲ್ಲುತ್ತದೆ, ಒಂದೇ ಮಳೆಗಾಲದಲ್ಲಿ ಕಟ್ಟು ಹೂತುಹೋಗಿ ನೀರು ಅದರ ಮೇಲೆ ಹಾರಿ ಮತ್ತೆ ದಾರಿಗೇ ಬೀಳುತ್ತದೆ. ಸರಿಯಾಗಿ ಹಾಕಿದ್ದಕ್ಕೂ ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಗುದ್ದಲಿ ಹಿಡಿದು ಬಾಯಿ ಬಿಡಿಸುವವರು ಬೇಕು. ಆ ಕೂಲಿ ಯಾರ ಬಜೆಟ್ಟಿನಲ್ಲಿದೆ ಎಂದು ಕೇಳಿದರೆ ವಾದ ದಿಢೀರನೆ ತಣ್ಣಗಾಗುತ್ತದೆ!

ಪ್ರಾಣಿಗಳ ವಿಷಯ ಬೇರೆ. ಅಲ್ಲಿ ತಲೆ ಎಣಿಕೆಗಿಂತ ಗಡಿಯಾರ ಮುಖ್ಯ. ಆರು ಖಂಡಗಳ 62 ಸಸ್ತನಿ ಪ್ರಭೇದಗಳ ಮಾಹಿತಿ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಜನರ ಓಡಾಟವಿರುವ ಕಡೆ ಪ್ರಾಣಿಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚುತ್ತದೆ. ಬೇಟೆಯಾಡುವ ಮನುಷ್ಯನಿಗೂ ಬರಿದೇ ನಡೆಯುವವನಿಗೂ ಪ್ರಾಣಿಗಳು ಹೆಚ್ಚು ಭೇದ ಮಾಡಲಿಲ್ಲ. ಹಾಗಾಗಿ ಕಾಟಿಗೂ ಕಡವೆಗೂ ಉಳಿದಿರುವುದು ಕತ್ತಲೆಯ ಹೊತ್ತು. ಶಿಖರದಲ್ಲಿ ಟೆಂಟ್ ಹಾಕಿ, ಸೂರ್ಯೋದಯ ನೋಡಲು ನಡುರಾತ್ರಿಯಿಂದ ಟಾರ್ಚ್ ಹಿಡಿದು ಹತ್ತುವುದು ಆ ಕೊನೆಯ ಪಾಲನ್ನೂ ಕಿತ್ತುಕೊಂಡಂತೆ. ‘ರಾತ್ರಿ ತಂಗುವಂತಿಲ್ಲ’ ಎಂಬ ನಿಯಮಕ್ಕೆ ಚಾರಣಿಗರಲ್ಲಿ ಸಿಟ್ಟು ಹೆಚ್ಚು, ಆದರೆ ಇರುವ ನಿಯಮಗಳಲ್ಲಿ ಅತ್ಯಂತ ಗಟ್ಟಿ ಆಧಾರವಿರುವುದು ಅದಕ್ಕೇ.

ಇನ್ನು ಮಲಮೂತ್ರ. ಶೌಚಾಲಯವಿಲ್ಲದ ದಾರಿಯಲ್ಲಿ ನೀರಿನ ಮೂಲದಿಂದ 60 ಮೀಟರ್ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ ಎಂಬ ನಿಯಮವಿದೆ. ಹತ್ತು ಜನಕ್ಕೆ ಅದು ಸಾಕು. ತೊರೆಯ ಪಕ್ಕ ತಿಂಡಿಗೆ ಕೂರುವ ಮುನ್ನೂರು ಜನಕ್ಕೆ ಸಾಕಾಗುವುದಿಲ್ಲ. ಆ ಬೆಟ್ಟಗಳ ತೊರೆಗಳೇ ಕೆಳಗಿನ ಊರುಗಳಿಗೆ ಕುಡಿಯುವ ನೀರು.

300 ಹುಟ್ಟುವ ಬಗೆ

ಧಾರಣಾ ಸಾಮರ್ಥ್ಯದ ಲೆಕ್ಕ ಮೂರು ಮೆಟ್ಟಿಲಿನದು. ಹುಲಿ ಪ್ರಾಧಿಕಾರದ ಮಾರ್ಗಸೂಚಿಯಲ್ಲಿರುವುದೂ ಇದೇ ಬಗೆ. ಒಂದು ಕಾಲ್ಪನಿಕ ದಾರಿ ಇಟ್ಟುಕೊಂಡು ಮಾಡಿ ನೋಡೋಣ: ಉದ್ದ 10 ಕಿ.ಮೀ., ಹತ್ತಿ ಇಳಿಯಲು 9 ಗಂಟೆ, ಗೇಟು ತೆರೆದಿರುವುದು ಬೆಳಿಗ್ಗೆ 6ರಿಂದ ಸಂಜೆ 6.

ಮೊದಲು ಭೌತಿಕ ಸಾಮರ್ಥ್ಯ. ಒಬ್ಬರಿಗೆ ಒಂದು ಮೀಟರ್ ಜಾಗ, ಹತ್ತು ಜನರ ಗುಂಪು, ಒಂದು ಗುಂಪಿನಿಂದ ಇನ್ನೊಂದಕ್ಕೆ 200 ಮೀಟರ್ ಅಂತರ. ಹಾಗಾದರೆ ಒಂದು ಗುಂಪಿಗೆ 210 ಮೀಟರ್ ದಾರಿ ಬೇಕು. 10,000 ಮೀಟರಿನಲ್ಲಿ 47 ಗುಂಪು, 470 ಜನ. ದಿನಕ್ಕೆ ಎಷ್ಟು ಸರದಿ? 12 ಗಂಟೆಯನ್ನು 9ರಿಂದ ಭಾಗಿಸಿದರೆ 1.33 ಬರುತ್ತದೆ, ಆದರೆ ಎರಡನೇ ತಂಡ ಕತ್ತಲಾಗುವ ಮುಂಚೆ ಇಳಿಯಲಾರದು. ಹಾಗಾಗಿ ಒಂದೇ ಸರದಿ, 470.

ಎರಡನೆಯದು ಕಡಿತಗಳು. ದಾರಿಯ 2 ಕಿ.ಮೀ. ಕೊರಕಲು ಬೀಳುವ ಕಡಿದಾದ ಭಾಗ, ಅಂದರೆ ಶೇ 20 ಕಡಿತ. 3 ಕಿ.ಮೀ. ಶೋಲಾ ಅಂಚು ಮತ್ತು ಪ್ರಾಣಿಗಳು ನೀರಿಗೆ ಬರುವ ಜಾಗ, ಶೇ 30. ಮಂಜು, ಅಕಾಲ ಮಳೆಗೆ ಶೇ 10. ಇವನ್ನು ಕೂಡಿಸಿ ಕಳೆಯುವುದಲ್ಲ, ಒಂದಾದ ಮೇಲೊಂದು ಗುಣಿಸಬೇಕು: 470 × 0.8 × 0.7 × 0.9. ಉಳಿಯುವುದು 236.

ಮೂರನೆಯದು ನಿರ್ವಹಣೆ. ಈ ದಾರಿಗೆ ಹತ್ತು ಜನ ಗಾರ್ಡ್, ವಾಚರ್‌ಗಳು ಬೇಕು, ಇರುವುದು ನಾಲ್ಕು ಎಂದುಕೊಳ್ಳಿ. ಶೇ 40. 236 ಜನರ ಮಿತಿ 94ಕ್ಕೆ ಇಳಿಯಿತು.

ಈಗ ಅಂಕಿಗಳನ್ನು ಸ್ವಲ್ಪ ಅಲ್ಲಾಡಿಸಿ. ಗುಂಪುಗಳ ಅಂತರ 200ರ ಬದಲು 100 ಮೀಟರ್ ಎಂದು ಬರೆದರೆ ಕೊನೆಯ ಉತ್ತರ 181. ಅಂತರ 200 ಮೀಟರೇ ಇರಲಿ, ಸಿಬ್ಬಂದಿಯನ್ನು ನಾಲ್ಕರಿಂದ ಎಂಟಕ್ಕೆ ಏರಿಸಿದರೆ 188. ಬೆಟ್ಟ ಅದೇ, ಹುಲ್ಲು ಅದೇ, ಉತ್ತರ ಮಾತ್ರ ಹೆಚ್ಚು ಕಡಿಮೆ ಎರಡು ಪಟ್ಟು. ಗುಂಪಿನ ಅಂತರ ಎಷ್ಟಿರಬೇಕೆಂದು ಯಾವ ವಿಜ್ಞಾನವೂ ಹೇಳುವುದಿಲ್ಲ. ಎಷ್ಟು ಏಕಾಂತ ಬೇಕು ಎಂಬುದು ಅಭಿರುಚಿಯ ಪ್ರಶ್ನೆ, ಎಷ್ಟು ಗಾರ್ಡ್ ಇರಬೇಕು ಎಂಬುದು ಹಣದ ಪ್ರಶ್ನೆ. ಈ ಎರಡು ತೀರ್ಮಾನ ಬಚ್ಚಿಟ್ಟು ಕೊನೆಯ ಸಂಖ್ಯೆಯನ್ನಷ್ಟೇ ಹೊರಹಾಕಿದರೆ ಅದು ವಿಜ್ಞಾನದ ಉತ್ತರದಂತೆ ಕಾಣುತ್ತದೆ. ಮೂರು ಕಿ.ಮೀ. ಗುಡ್ಡಕ್ಕೂ ಇಡೀ ದಿನ ಹಿಡಿಯುವ ಬೆಟ್ಟಕ್ಕೂ ಒಂದೇ ಗರಿಷ್ಠ ಅಂಕಿ ಇದ್ದರೆ ಅದು ಇಂಥ ಲೆಕ್ಕದಿಂದ ಬಂದಿರಲಾರದು ಎಂದು ಅನುಮಾನಿಸುವುದು ನ್ಯಾಯ.

ಹೋಲಿಸಲು ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹಾಫ್ ಡೋಮ್ ಎಂಬ ಬಂಡೆಬೆಟ್ಟ ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಲ್ಲಿ ಅದರ ಪರ್ಮಿಟ್ ಲಾಟರಿಗೆ ಹೆಸರು ಹಾಕಿ ಕಾದವರು ಬೇಕಾದಷ್ಟು ಜನ. ಅಲ್ಲಿಯೂ ದಿನದ ಮಿತಿ 300: ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ 225, ಕಾಡಿನಲ್ಲಿ ತಂಗಿ ಬರುವವರಿಗೆ 75. 2010ರಲ್ಲಿ ವಾರಾಂತ್ಯಕ್ಕೆ, 2011ರಿಂದ ಎಲ್ಲ ದಿನಕ್ಕೂ ಪರ್ಮಿಟ್ ಕಡ್ಡಾಯವಾಯಿತು. ಕೊನೆಯ ಬಂಡೆಗೆ ಕಟ್ಟಿರುವ ಉಕ್ಕಿನ ಹಗ್ಗದ ಮೇಲೆ ನೂಕುನುಗ್ಗಲಾದರೆ ಜನ ಸಿಕ್ಕಿಬೀಳುತ್ತಾರೆ, ಗುಡುಗು ಬಂದಾಗ ಬೇಗ ಇಳಿಯಲಾಗುವುದಿಲ್ಲ. ಸಂಖ್ಯೆ ಆ ಇಕ್ಕಟ್ಟಿನಿಂದ ಹುಟ್ಟಿತು. ಪರ್ಯಾಯಗಳನ್ನೆಲ್ಲ ಬರೆದು, ಸಾರ್ವಜನಿಕರ ಆಕ್ಷೇಪಣೆ ಕೇಳಿ, ಆಮೇಲೆ ಯೋಜನೆ ಅಂತಿಮವಾಯಿತು. ಹಾಗೆ ಕೇಳುವಂತೆ ಮಾಡಿದ್ದು ಅಲ್ಲಿಯ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಅಲ್ಲಿಯ ಕಾಡಿನ ಕಾನೂನಿನ ಮಾತೂ ಬೇರೆ. 1964ರ ವೈಲ್ಡರ್‌ನೆಸ್ ಕಾಯ್ದೆ ವಾಹನ, ಯಂತ್ರಗಳನ್ನು, ಸೈಕಲ್ಲನ್ನೂ ಸೇರಿಸಿ, ಹೊರಗಿಡುತ್ತದೆ, ಆದರೆ ಜನರ ಬಳಕೆ ಮತ್ತು ಸಂತೋಷವನ್ನು ತನ್ನ ಉದ್ದೇಶಗಳಲ್ಲೇ ಬರೆದುಕೊಂಡಿದೆ. ನಮ್ಮ 1972ರ ಕಾಯ್ದೆಯಲ್ಲಿ ಅಂಥ ಮಾತಿಲ್ಲ.

ಬಾಗಿಲು ಮುಚ್ಚುವ ತಿಂಗಳು

ವರ್ಷದಲ್ಲಿ ಎರಡು ಸಲ ಹಲವು ಬೆಟ್ಟಗಳ ಬಾಗಿಲು ಮುಚ್ಚುತ್ತದೆ, ಎರಡಕ್ಕೂ ಕಾರಣ ಬೇರೆ. ಮಳೆಗಾಲದಲ್ಲಿ ಮುಚ್ಚುವುದು ಜಾರುವ ದಾರಿ, ತುಂಬಿ ಹರಿಯುವ ಹಳ್ಳ, ಮೆತ್ತಗಾದ ಮಣ್ಣಿನ ದೆಸೆಯಿಂದ. ಫೆಬ್ರವರಿಯಿಂದ ಬೇಸಿಗೆಯ ಮಳೆ ಬರುವವರೆಗೆ ಮುಚ್ಚುವುದು ಬೆಂಕಿಗೆ ಹೆದರಿ. ಒಣಗಿದ ಹುಲ್ಲುಗಾವಲಿಗೆ ಒಂದು ಬೀಡಿ ಸಾಕು, ಗಾಳಿ ಮೇಲ್ಮುಖವಾಗಿದ್ದರೆ ಗಂಟೆಯೊಳಗೆ ಇಡೀ ದಿಣ್ಣೆ ಕಪ್ಪಾಗುತ್ತದೆ. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ, ಬೆಂಕಿ ತಗುಲಿದ ಶೋಲಾ ಅಂಚು ಚಿಗುರಲು ದಶಕಗಳೇ ಬೇಕು. ಸಿಬ್ಬಂದಿಯೆಲ್ಲ ಆ ತಿಂಗಳಲ್ಲಿ ಬೆಂಕಿ ಹರಡದಂತೆ ಹುಲ್ಲು ಸವರಿ ಬೆಂಕಿ ರೇಖೆ ಕೊಯ್ಯುವುದರಲ್ಲಿರುತ್ತಾರೆ, ಗೇಟಿಗೆ ಜನ ಸಿಗುವುದಿಲ್ಲ. ಉಳಿಯುವುದು ಅಕ್ಟೋಬರ್‌ನಿಂದ ಜನವರಿ. ಇಡೀ ವರ್ಷದ ಆಸೆ ಆ ನಾಲ್ಕು ತಿಂಗಳ ಶನಿವಾರ-ಭಾನುವಾರಗಳ ಮೇಲೆ ಬಂದು ಬೀಳುವುದರಿಂದಲೇ ಜನವರಿಯ ಆ ಜಾತ್ರೆ.

ಯಾರಿಗೆ ಒಳಗೆ, ಯಾರಿಗೆ ಹೊರಗೆ

ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ಕಳಿಸುವ ಕೆಲಸವೂ ವರ್ಷಗಳಿಂದ ನಡೆದಿದೆ. ತಲೆಮಾರುಗಳಿಂದ ಗದ್ದೆ ಮಾಡಿಕೊಂಡಿದ್ದವರಿಗೆ ‘ನಿಮ್ಮಿಂದ ಕಾಡಿಗೆ ತೊಂದರೆ’ ಎಂದು ಹೇಳಿ, ಬೆಂಗಳೂರಿಂದ ಬಸ್ಸಿನಲ್ಲಿ ಬಂದವರಿಗೆ ಟಿಕೆಟ್ ಕೊಡುವುದನ್ನು ಅಲ್ಲಿಯ ಜನ ಹೇಗೆ ನೋಡುತ್ತಾರೆಂದು ಊಹಿಸುವುದು ಕಷ್ಟವಲ್ಲ. ಅದೇ ಊರುಗಳಲ್ಲಿ ಹೋಂಸ್ಟೇ, ಜೀಪು, ಗೈಡ್ ಕೆಲಸದಿಂದ ಮನೆ ನಡೆಸುವವರೂ ಇದ್ದಾರೆ. ಮಿತಿ ಕಡಿಮೆಯಾದರೆ ಮೊದಲು ಪೆಟ್ಟು ಬೀಳುವುದು ಅವರಿಗೆ. ಸ್ಥಳೀಯ ಗೈಡ್ ಕಡ್ಡಾಯ ಮಾಡಿದರೆ ಹಣ ಊರಲ್ಲಿ ಉಳಿಯುತ್ತದೆ. ಗೇಟಿನ ಹಣ ಹಾಗಲ್ಲ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಕಾಯ್ದೆಯ 38ಎಕ್ಸ್ ಸೆಕ್ಷನ್ ಪ್ರಕಾರ ಪ್ರತ್ಯೇಕ ಪ್ರತಿಷ್ಠಾನವಿದ್ದು, ಪ್ರವಾಸಿಗರ ಶುಲ್ಕ ಅಲ್ಲಿಗೇ ಬಳಕೆಯಾಗಲು ಅವಕಾಶವಿದೆ. ಬರೀ ವನ್ಯಜೀವಿಧಾಮಕ್ಕೆ ಕಾಯ್ದೆ ಅಂಥ ಪ್ರತಿಷ್ಠಾನ ಕಟ್ಟಿಕೊಟ್ಟಿಲ್ಲ.

ಕೊಡಚಾದ್ರಿಯ ಜೀಪು ಇನ್ನೊಂದು ತೊಡಕು. ಮಣ್ಣಿನ ದಾರಿಗೆ ನಾಲ್ಕು ಚಕ್ರ ಮಾಡುವಷ್ಟು ಗಾಯ ಕಾಲು ಮಾಡುವುದಿಲ್ಲ. ಆದರೆ ಮೊಣಕಾಲು ನೋವಿನ ಅಜ್ಜಿಗೆ ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆ ಗುಡಿ ನೋಡಲು ಇರುವ ದಾರಿ ಅದೊಂದೇ. ಜೀಪು ನಿಲ್ಲಿಸಿ ಎನ್ನುವವರು ಬಹುತೇಕ ನಡೆಯಬಲ್ಲವರು. ಇನ್ನು ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ದೀಪಾವಳಿಯ ನರಕ ಚತುರ್ದಶಿಗೆ ಸಾವಿರಾರು ಭಕ್ತರು ಹತ್ತುತ್ತಾರೆ. ವರ್ಷಕ್ಕೊಮ್ಮೆ ಬಂದು ಹೋಗುವ ಜನಸಂದಣಿಯೂ ವಾರವಾರವೂ ಬೀಳುವ ಭಾರವೂ ಒಂದೇ ಅಲ್ಲ. ನೆಲಕ್ಕೆ ನಡುವೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆಯೇ ಎಂಬುದೇ ವ್ಯತ್ಯಾಸ. ಹರಕೆಯವರನ್ನು ಬಿಟ್ಟು ನಮ್ಮನ್ನೇಕೆ ತಡೆಯುತ್ತೀರಿ ಎಂದು ಕೇಳುವ ಚಾರಣಿಗರಿಗೆ ಅರ್ಧ ಉತ್ತರ ಇದು. ಉಳಿದರ್ಧಕ್ಕೆ ಯಾವ ಸರ್ಕಾರವೂ ಕೈಹಾಕುವುದಿಲ್ಲ.

ಟಿಕೆಟ್ ವ್ಯವಸ್ಥೆ ಸೋರುವ ಕಡೆ

ಆನ್‌ಲೈನ್ ಬುಕಿಂಗ್ ಬಂದಮೇಲೂ ಮಿತಿ ಸೋರುವುದು ಗೊತ್ತಿರುವ ಜಾಗಗಳಲ್ಲೇ. ಟೂರ್ ನಡೆಸುವವರು ವಾರಾಂತ್ಯದ ಟಿಕೆಟ್ಟುಗಳನ್ನು ಮೊದಲೇ ಸಗಟಾಗಿ ಹಿಡಿದಿಡುತ್ತಾರೆ. ಟಿಕೆಟ್‌ಗೂ ಗುರುತಿನ ಚೀಟಿಗೂ ಹೆಸರು ಹೊಂದುತ್ತದೆಯೇ ಎಂದು ಗೇಟಿನಲ್ಲಿ ನೋಡದಿದ್ದರೆ ಅದು ತಡೆಯಲಾಗದು. ಬುಕ್ ಮಾಡಿ ಬಾರದವರ ಜಾಗ ಖಾಲಿ ಹೋಗುತ್ತದೆ, ಬಾಗಿಲಲ್ಲಿ ನಿಂತವರು ಬೇರೆ ಕಾಲುದಾರಿಯಿಂದ ನುಸುಳುತ್ತಾರೆ. ಹತ್ತಿದವರ ಎಣಿಕೆ ಇರುತ್ತದೆ, ಇಳಿದವರದ್ದು ಇರುವುದಿಲ್ಲ. ಸಂಜೆ ಆರಕ್ಕೆ ಮೇಲೆ ಎಷ್ಟು ಜನ ಉಳಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಟಿಕೆಟ್ ಸಿಗದವರು ಟಿಕೆಟ್ಟೇ ಇಲ್ಲದ ಪಕ್ಕದ ಕಂದಾಯ ಗುಡ್ಡಕ್ಕೆ ಹೋಗುತ್ತಾರೆ. ಆ ಗುಡ್ಡದಲ್ಲಿ ಮೊದಲ ನೂರು ಹೆಜ್ಜೆ ಶುರು.

ನಿಮ್ಮ ಬೆಟ್ಟದ ಮಿತಿ ಯಾವ ಲೆಕ್ಕದಿಂದ ಬಂತೆಂದು ತಿಳಿಯಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ‘ಮಿತಿ ಯಾಕೆ ಹಾಕಿದಿರಿ’ ಎಂದು ಕೇಳಿದರೆ ‘ಪರಿಸರ ಸಂರಕ್ಷಣೆಗಾಗಿ’ ಎಂಬ ಒಂದು ಸಾಲು ಬರುತ್ತದೆ. ಅದರ ಬದಲು ಸಂಬಂಧಪಟ್ಟ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಬರೆದು ದಾಖಲೆಯ ಪ್ರತಿ ಕೇಳಿ: ದಾರಿಯ ಅಳತೆ, ಗುಂಪುಗಳ ನಡುವೆ ಹಿಡಿದ ಅಂತರ, ಕಡಿತದ ಅಂಶಗಳು, ಆ ದಾರಿಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಕಳೆದ ಮೂರು ವರ್ಷ ದಾರಿ ದುರಸ್ತಿಗೆ ಖರ್ಚಾದ ಹಣ ಎಷ್ಟು.